ಖಾಲಿ ಫ್ಲ್ಯಾಶ್

ಕ್ಯಾಮೆರಾ ಕಂಪನಿಯವನು ಹಂಚಿದ ಕಾಗದದಲ್ಲಿ ಇದ್ದದ್ದು ಎರಡೇ ಪ್ರಶ್ನೆ. ನಿಮ್ಮ ಡಿಜಿಟಲ್ ಕ್ಯಾಮೆರಾದಲ್ಲಿ ನಿಮಗೆ ಇಷ್ಟವಾಗುವುದೇನು? ಇಷ್ಟವಾಗದಿರುವುದೇನು? ಒಂದೊಂದಕ್ಕೂ ಐದೈದು ಖಾಲಿ ಗೆರೆ. ಚೆನ್ನಾಗಿ ಬರೆದವರಿಗೆ ಒಂದು ಕ್ಯಾಮೆರಾ ಬ್ಯಾಗು ಬಹುಮಾನ, ಶನಿವಾರದೊಳಗೆ ಬರೆದು ವಾಟ್ಸಾಪಿನಲ್ಲಿ ಕಳಿಸಿದರೂ ಆಯಿತು ಎಂದು ಅವನು ಮೈಕಿನಲ್ಲಿ ಹೇಳಿದ. ಶಿರಾದ ಆ ಸಮುದಾಯ ಭವನದಲ್ಲಿ ಸೇರಿದ್ದ ನಾಲ್ಕು ತಾಲ್ಲೂಕಿನ ಅರವತ್ತು ಎಪ್ಪತ್ತು ಜನ ಫೋಟೋಗ್ರಾಫರುಗಳು, ಮದುವೆ ಮನೆಯಲ್ಲಿ ಬೀಗರಿಗೂ ಪುರೋಹಿತರಿಗೂ ಹೆದರದವರು, ಪರೀಕ್ಷೆಗೆ ಕೂತವರ ಹಾಗೆ ಪೆನ್ನಿನ ತುದಿ ಕಚ್ಚತೊಡಗಿದರು.

ಕಚ್ಚಿದ್ದು ಎರಡು ನಿಮಿಷ. ಆಮೇಲೆ ಬಾಯಿ ಬಿಟ್ಟರು ನೋಡಿ, ಮುಚ್ಚಿಸುವವರೇ ಇಲ್ಲ.

"ವಳ್ಳೂರು ಸೋಲಾರ್ ಪ್ಲೇಟುಗಳ ಮಧ್ಯೆ ಹುಡುಗ ಹುಡುಗೀನ ನಿಲ್ಸಿ ಶೂಟಿಂಗ್ ಮಾಡಕ್ಕೋದ್ರೆ ಹತ್ತು ನಿಮಿಷಕ್ಕೆ ಕ್ಯಾಮೆರಾ ಕಾದು ಆಫ್ ಆಗ್ತದೆ ಸಾರ್. ಏಂ ಚೇಯಾಲಿ ಚೆಪ್ಪಂಡಿ!" ಎಂದು, ಏನು ಮಾಡಬೇಕು ಹೇಳಿ ಎಂಬುದನ್ನು ತೆಲುಗಿನಲ್ಲೇ ಕೇಳುತ್ತ, ಪಾವಗಡದ ಪ್ರಭುದೇವ್ ಎದ್ದು ನಿಂತ. ಕೊರಟಗೆರೆಯ ನಂದೀಶ್ವರಯ್ಯನವರಿಗೆ ಮೆನುವಿನ ಮೇಲೆ ಸಿಟ್ಟು. ಒಂದು ಬಟನ್ ಒತ್ತಿದರೆ ಇನ್ನೊಂದು ಪಟ್ಟಿ ಬರುತ್ತದೆ, ಅದರೊಳಗೆ ಮತ್ತೊಂದು, ಹೊರಗೆ ಬರುವಷ್ಟರಲ್ಲಿ ತಾಳಿ ಕಟ್ಟಿ ಮುಗಿದಿರುತ್ತದೆ ಎಂದರು. ಹೊಸ ಕ್ಯಾಮೆರಾ ಸದ್ದೇ ಮಾಡುವುದಿಲ್ಲ, ಫೋಟೋ ಹೊಡೆದಾಯಿತು ಎಂದು ತಿಳಿಯದೆ ಜನ ಹಲ್ಲು ಕಿರಿದುಕೊಂಡು ನಿಂತೇ ಇರುತ್ತಾರೆ ಎಂದು ಇನ್ನೊಬ್ಬ ಹೇಳಿದ. ಇಷ್ಟವಾಗುವುದರ ಬಗ್ಗೆ ಮಾತ್ರ ಎಲ್ಲರದೂ ಒಂದೇ ಮಾತು. ಎಷ್ಟಾದರೂ ಹೊಡೆಯಬಹುದು, ಎಣಿಸಬೇಕಾಗಿಲ್ಲ.

ಮಧುಗಿರಿಯ ತಿಪ್ಪೇರುದ್ರನ ಸರದಿ ಬಂತು. ಐವತ್ತೆರಡರ ಈ ಮನುಷ್ಯ ಮೂವತ್ತು ವರ್ಷದಿಂದ ಮದುವೆ ಫೋಟೋ ತೆಗೆಯುತ್ತ ಬಂದವನು. ಕ್ಯಾಮೆರಾ ಎಷ್ಟು ಚೆನ್ನಾಗಿ ಹಿಡಿಯುತ್ತಾನೋ ಮಾತು ಅದಕ್ಕಿಂತ ಒಂದು ಕೈ ಮೇಲು. ಅವನು ಎದ್ದರೆ ಸಭೆ ಮೊದಲೇ ನಗಲು ಸಿದ್ಧವಾಗುತ್ತದೆ.

"ನಂಗಾಗದೇ ಇರೋದು ಒಂದೇ ಸಾರ್, ಆ ಹಿಂದಿನ ಸ್ಕ್ರೀನು," ಎಂದ. "ಫೋಟೋ ಹೊಡೆದಿದ್ದೇ ತಡ, ಮುಂದೆ ನಿಂತಿದ್ದೋರೆಲ್ಲ ಹಿಂದಕ್ಕೆ ಓಡಿ ಬರ್ತಾರೆ. ತೋರ್ಸಿ, ತೋರ್ಸಿ! ನೋಡ್ಬುಟ್ಟು, ಹೊಟ್ಟೆ ದಪ್ಪ ಬಂದೈತೆ ಅಂತಾರೆ. ಹೊಟ್ಟೆ ಅವ್ರದ್ದು, ಬೈಸ್ಕಳದ್ ನಾನು. ರೀಲಿನ ಕಾಲ್ದಾಗೆ ಈ ಕಾಟ ಇತ್ತಾ? ಒಳಗೆ ಏನೈತೆ ಅಂತ ನಮಗೂ ದೇವ್ರಿಗೂ ಬಿಟ್ರೆ ಇನ್ಯಾರಿಗೂ ಗೊತ್ತಿರ್ತಿರಲಿಲ್ಲ."

ಅಲ್ಲಿಂದ ಮಾತು ಖಾಲಿ ಫ್ಲ್ಯಾಶಿಗೆ ಹೊರಳಿತು. ರೀಲಿನ ಕಾಲ ಕಂಡವರಿಗೆಲ್ಲ ಅದು ಗೊತ್ತು. ಒಂದು ರೀಲಿಗೆ ಮೂವತ್ತಾರು ಫೋಟೋ, ಎಳೆದಾಡಿದರೆ ಮೂವತ್ತೇಳು. ಮದುವೆ ಮನೆಯವರು ಒಪ್ಪುತ್ತಿದ್ದದ್ದು ಎರಡು ರೀಲು. ಆದರೆ ಅಡುಗೆಯವರು, ಓಲಗದವರು, ನೀರು ಸೇದುವವರು, ಎಲ್ಲರಿಗೂ ತಮ್ಮದೊಂದು ಫೋಟೋ ಬೇಕು. ಇಲ್ಲ ಎಂದರೆ ಮುಖ ಸಣ್ಣದಾಗುತ್ತದೆ. ಅದಕ್ಕೆ ಕಸುಬಿನವರು ಕಂಡುಕೊಂಡಿದ್ದ ಉಪಾಯ, ಫ್ಲ್ಯಾಶಿನ ಬೆನ್ನಿಗಿರುವ ಸಣ್ಣ ಗುಂಡಿಯನ್ನು ಹೆಬ್ಬೆರಳಿನಲ್ಲಿ ಒತ್ತುವುದು. ಬೆಳಕು ಮಿಂಚುತ್ತದೆ, ರೀಲಿಗೆ ಏನೂ ಬೀಳುವುದಿಲ್ಲ. ನಿಂತವರು ಖುಷಿಯಾಗಿ ಹೋಗುತ್ತಾರೆ.

"ಆಮೇಲೆ ಸ್ಟುಡಿಯೋಗೆ ಬರ್ತಾರಲ್ಲಣ್ಣ, ಫೋಟೋ ಕೊಡಿ ಅಂತ?" ಎಂದು ಕೇಳಿದವನು ಗೌರೀಶ್, ಮಧುಗಿರಿಯವನೇ, ಮದುವೆಗಳಿಗೆ ಡ್ರೋನ್ ಹಾರಿಸುವ ಮೂವತ್ತರ ಯುವಕ. ರೀಲು ಕೈಯಲ್ಲಿ ಮುಟ್ಟಿದವನಲ್ಲ.

ತಿಪ್ಪೇರುದ್ರ ಮುಖ ಗಂಭೀರ ಮಾಡಿಕೊಂಡು ಹಳೆಯ ದನಿ ತೆಗೆದ. "ರೀಲು ತೊಳೆಯಕ್ಕೆ ಬೆಂಗ್ಳೂರಿಗೆ ಕಳ್ಸಿದೀವಿ ಕಣಪ್ಪ. ಮುಂದಿನ ವಾರ ಬಾ." ಸಭೆ ಗೊಳ್ಳೆಂದಿತು. "ಮುಂದಿನ ವಾರ ಬಂದ್ರೂ ಅದೇ ಮಾತು. ಮೂರನೇ ಸಲಕ್ಕೆ ಒಂದು ಟೀ ಕುಡ್ಸಿ ಕಳ್ಸಿದ್ರೆ ಆಮೇಲೆ ಯಾರೂ ಬರಲ್ಲ. ಇದು ಗ್ಯಾರಂಟಿ ಲೆಕ್ಕ ಕಣ್ಲಾ!"

ಕಂಪನಿಯವನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಅಲ್ಲಿದ್ದ ಯಾರಿಗೂ ಅದು ಮೋಸ ಅನ್ನಿಸಲಿಲ್ಲ. ತಿಪ್ಪೇರುದ್ರ ಕಾಗದವನ್ನು ನಾಲ್ಕಾಗಿ ಮಡಚಿ ಬ್ಯಾಗಿನ ಜೇಬಿಗೆ ತುರುಕಿ, ಬಿರಿಯಾನಿ ತಿಂದು, ಹಗುರವಾಗಿ ಮನೆಗೆ ಬಂದ.

ಮರುದಿನ ಬುಧವಾರ ತಾವರೆಕೆರೆಯಲ್ಲಿ ಮದುವೆ. ಶಂಕರಲಿಂಗಪ್ಪನವರ ಮೊಮ್ಮಗಳು ಲೋಹಿತಾಳದು. ಕಡಲೆಕಾಯಿ ವ್ಯಾಪಾರದ ದೊಡ್ಡ ಮನೆ ಅದು. ಇಪ್ಪತ್ತಾರು ವರ್ಷದ ಹಿಂದೆ ಲೋಹಿತಾಳ ಅಪ್ಪ ಅಮ್ಮನ ಮದುವೆಗೂ ತಿಪ್ಪೇರುದ್ರನೇ ಫೋಟೋ ತೆಗೆದಿದ್ದ, ಅವಳ ಅಮ್ಮ ಮಧುಗಿರಿಯವಳು ಎಂಬ ಕಾರಣಕ್ಕೆ. ಆ ಆಲ್ಬಂ ಇನ್ನೂ ಚೆನ್ನಾಗಿದೆ ಎಂದು ಮನೆಯವರು ಈ ಸಲವೂ ಅವನನ್ನೇ ಹಿಡಿದಿದ್ದರು. ಅವನಿಗೆ ಅದೊಂದು ಹೆಮ್ಮೆ.

ಮುಹೂರ್ತ ಮುಗಿದು, ಊಟದ ಪಂಕ್ತಿ ಕೂತಿತ್ತು. ತಿಪ್ಪೇರುದ್ರ ಬ್ಯಾಟರಿ ಬದಲಾಯಿಸುತ್ತ ಕಂಬಕ್ಕೆ ಒರಗಿ ನಿಂತಿದ್ದಾಗ ಒಬ್ಬ ಮುದುಕಿ ಬಂದು ಅವನ ಮುಖವನ್ನೇ ನೋಡುತ್ತ ನಿಂತಳು. ಅರವತ್ತೆಂಟು ಎಪ್ಪತ್ತರ ಹೆಂಗಸು, ನೆಟ್ಟಗಿದ್ದಾಳೆ, ಸೊಂಟದಲ್ಲಿ ಎಲೆಅಡಿಕೆ ಚೀಲ.

"ನೀನು ಮಧುಗಿರಿ ಫೋಟೋದಪ್ಪ ಅಲ್ವಾ?"

"ಹೂಂ ಕಣಮ್ಮ. ನಿಂದೂ ಒಂದು ತೆಗೀಲಾ?" ಎಂದು ಅವನು ಕ್ಯಾಮೆರಾ ಎತ್ತಿ ಒಂದು ಹೊಡೆದೇಬಿಟ್ಟ. ಈಗ ಅದಕ್ಕೇನು ಬರ!

ಮುದುಕಿ ಕೈ ಅಡ್ಡ ತಂದಳು. "ಇದಲ್ಲಪ್ಪ. ನಂದು ಹಳೇದೈತೆ ನಿನ್ನತ್ರ. ಈ ಮನೆ ಮಗನ ಮದ್ವೇಲಿ ತೆಗ್ದಿದ್ದೆ. ನಾನು ಮುದ್ದಕ್ಕ. ನನ್ ಗಂಡ ಅಡವಯ್ಯ, ಚಪ್ಪರದ ಅಡವಯ್ಯ. ಈ ಮನೆ ಚಪ್ಪರಾನ ಆವಯ್ಯನೇ ಹಾಕಿದ್ದು. 'ನಾನು ಹಾಕಿದ್ ಚಪ್ಪರದ ಕೆಳಗೆ ನಂದೊಂದು ತೆಗೀರಿ ಸ್ವಾಮಿ' ಅಂತ ನಿನ್ನ ಕೇಳ್ದ. ನೀನು ನನ್ನೂ ಕರೆದು ಪಕ್ಕದಾಗೆ ನಿಲ್ಸಿದೆ. ಹತ್ರ ಬಾರಮ್ಮ, ಇನ್ನೂ ಹತ್ರ ಬಾ ಅಂದೆ. ನಂಗೆ ನಾಚ್ಕೆ. ನೀಲಿ ಷರ್ಟು ಹಾಕಿದ್ದ, ಧಣಿಗಳು ಕೊಟ್ಟಿದ್ದು, ತೋಳು ಉದ್ದ ಆಗಿ ಮಡಚ್ಕಂಡಿದ್ದ."

ತಿಪ್ಪೇರುದ್ರನಿಗೆ ಇದರಲ್ಲಿ ಒಂದು ಅಕ್ಷರವೂ ನೆನಪಿಲ್ಲ. "ಯಾವ ಹೊತ್ತಲ್ಲಿ ಕಣಮ್ಮ?" ಎಂದು ಕೇಳಿದ.

"ಉಂಡೋರೆಲ್ಲ ಎದ್ದು ಎಲೆ ಎತ್ತೋ ಹೊತ್ತು."

ಅಷ್ಟು ಸಾಕಾಯಿತು. ಎರಡು ರೀಲು ಒಪ್ಪಿಕೊಂಡ ಮದುವೆಯಲ್ಲಿ ಎಲೆ ಎತ್ತುವ ಹೊತ್ತಿಗೆ ಕ್ಯಾಮೆರಾದೊಳಗೆ ಗಾಳಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಅವನ ಹೆಬ್ಬೆರಳಿಗೆ ಆ ಸಣ್ಣ ಗುಂಡಿ ತಣ್ಣಗೆ ಮುಟ್ಟಿದ ಹಾಗಾಯಿತು. ನಿನ್ನೆ ತಾನೇ ಇದನ್ನು ಹೇಳಿ ಅರವತ್ತು ಜನರನ್ನು ನಗಿಸಿದ್ದ.

"ಆವಯ್ಯ ತೀರ್ಕಂಡು ಇಪ್ಪತ್ತೊಂದು ವರ್ಷ ಆಯ್ತು," ಎಂದಳು ಮುದ್ದಕ್ಕ. "ಹಾವು ಕಚ್ಚಿ. ಮನೇಲಿ ಒಂದು ಫೋಟೋ ಇಲ್ಲ. ನನ್ ಮೊಮ್ಮಗಳು ರಮ್ಯಶ್ರೀ ಮದ್ವೆ ಈ ಭಾನುವಾರ. ಶುಕ್ರವಾರ ಚಪ್ಪರ. ಅಜ್ಜ ಹೆಂಗಿದ್ದ, ಹೆಂಗಿದ್ದ ಅಂತ ಚಿಕ್ಕೋಳಿದ್ದಾಗಿಂದ ನನ್ನ ಪ್ರಾಣ ತಿಂದವ್ಳೆ. ಹೋಗೋಕ್ ಮುಂಚೆ ಅವಳು ಅಜ್ಜನ ಮುಖ ನೋಡಿ ಅಡ್ಡಬೀಳ್ಬೇಕು. ನೀನು ಇವತ್ತು ಬರ್ತೀಯ ಅಂತ ಧಣಿಗಳ ಮನೇಲಿ ಹೇಳಿದ್ರು. ಅದುಕ್ಕೇ ಬಂದೆ. ಒಂದು ತೊಳ್ದು ಕೊಡಪ್ಪ."

"ಓಟಿನ ಕಾರ್ಡಲ್ಲಿ ಇರ್ಬೇಕಲ್ಲಮ್ಮ?"

ಅವಳು ಎಲೆಅಡಿಕೆ ಚೀಲದಿಂದ ಕಾರ್ಡು ತೆಗೆದು ಕೈಗಿಟ್ಟಳು. ಮುಖದ ಜಾಗದಲ್ಲಿ ಮಸಿ ಬಳಿದ ಹಾಗಿತ್ತು, ಒಂದು ಕಿವಿ ಮಾತ್ರ ಕಾಣುತ್ತಿತ್ತು. "ಇದು ನನ್ ಗಂಡ ಅಂದ್ರೆ ನಂಬಬೇಕು ಅಷ್ಟೇ," ಎಂದಳು.

ಆ ಗಳಿಗೆಯಲ್ಲಿ ನಿಜ ಹೇಳಿಬಿಟ್ಟಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಿಪ್ಪೇರುದ್ರನ ನಾಲಿಗೆ ಅವನನ್ನು ಕೇಳಲೇ ಇಲ್ಲ. "ನೆಗೆಟಿವ್ ಇರ್ತದೆ ಕಣಮ್ಮ, ಹುಡುಕ್ತೀನಿ. ಸಿಕ್ಕೇ ಸಿಗ್ತದೆ. ಶುಕ್ರವಾರ ತಂದ್ಕೊಡ್ತೀನಿ," ಎಂದುಬಿಟ್ಟಿತು. ಮುದ್ದಕ್ಕನ ಮುಖ ಅರಳಿತು. ಅವನು ಓಟಿನ ಕಾರ್ಡಿನದೂ ಒಂದು ಫೋಟೋ ಹೊಡೆದುಕೊಂಡ, ಯಾಕೆ ಎಂದು ಅವನಿಗೇ ಗೊತ್ತಿರಲಿಲ್ಲ.

ಆಮೇಲೆ ಅವನ ಕೈ ಅವನ ಮಾತು ಕೇಳಲಿಲ್ಲ. ಹೆಣ್ಣು ಗಂಡಿನ ಮೇಲೆ ಫೋಕಸ್ ಇಟ್ಟರೆ ಹಿಂದಿನ ಬಾಳೆಕಂಬದ ಮೇಲೆ ಕೂತಿತು. ಬೀಗರ ಗುಂಪಿನ ಫೋಟೋ ಮೂರು ಸಲ ಅಲುಗಾಡಿತು. "ಏನಣ್ಣ, ಹುಷಾರಿಲ್ವಾ?" ಎಂದು ಡ್ರೋನ್ ಇಳಿಸುತ್ತ ಗೌರೀಶ್ ಕೇಳಿದ. ತಿಪ್ಪೇರುದ್ರ ಅವನ ಮೇಲೆ ರೇಗಿದ. ಜನ "ತೋರ್ಸಿ" ಎಂದು ಮುತ್ತಿದರೆ ಅವರ ಮೇಲೂ ರೇಗಿದ.

ಗುರುವಾರ ಬೆಳಗಾದರೂ ಅದು ಬಿಡಲಿಲ್ಲ. ಕಾಫಿ ಅರ್ಧಕ್ಕೆ ಬಿಟ್ಟ. ಲೆನ್ಸ್ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಬೀದಿಗೆ ಹೋದ, ಬೆಟ್ಟ ನೋಡಿದ, ಒಳಗೆ ಬಂದ. ಅಟ್ಟದ ಮೇಲಿದ್ದ ಹಳೆಯ ಟ್ರಂಕನ್ನು ಇಳಿಸಿ ಮನೆಯ ನಡುವೆ ಸುರಿದ. ನೆಗೆಟಿವ್ ಕವರುಗಳು ಒಂದಕ್ಕೊಂದು ಅಂಟಿಕೊಂಡು ಹುಳಿವಾಸನೆ ಹೊಡೆಯುತ್ತಿದ್ದವು.

"ಕಾಲು ಸುಟ್ಟ ಬೆಕ್ಕಿನ ಥರ ಯಾಕಿಂಗೆ ಓಡಾಡ್ತಿದೀರಾ?" ಎಂದಳು ಹೆಂಡತಿ ಶಶಿರೇಖಾ, ಸೊಂಟಕ್ಕೆ ಕೈ ಇಟ್ಟುಕೊಂಡು. "ಏನು ಕಳ್ಕಂಡ್ರಿ ಅಂತ ಹೇಳಿದ್ರೆ ನಾನೂ ಹುಡುಕ್ತೀನಿ."

"ಇಲ್ದೇ ಇರೋದ್ನ ಹುಡುಕ್ತಿದೀನಿ, ಸುಮ್ಕಿರು."

"ಅದನ್ನ ಅಟ್ಟದ ಮೇಲೇ ಹುಡುಕ್ಬೋದಿತ್ತಲ್ಲ, ಈಗ ತಾನೇ ಕಸ ಗುಡಿಸಿದ್ದೆ," ಎಂದು ಅವಳು ಪೊರಕೆ ಎಸೆದು ಒಳಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಕವರು ಸಿಕ್ಕಿತು. ಮೇಲೆ ಅವನದೇ ಅಕ್ಷರ, ತಾವರೆಕೆರೆ, ಶಂಕರಲಿಂಗಪ್ಪನವರು, ೧೯೯೯. ಎರಡು ರೀಲು. ಕಿಟಕಿಗೆ ಹಿಡಿದು ಒಂದೊಂದೇ ನೋಡಿದ. ಮೊದಲ ರೀಲಿನಲ್ಲಿ ಮೂವತ್ತಾರು. ಎರಡನೆಯದರಲ್ಲಿ ಮೂವತ್ತೇಳು. ಕೊನೆಯದರಲ್ಲಿ ಹೆಣ್ಣು ಗಂಡು ಎಲೆಯ ಮುಂದೆ ಕೂತು ಒಬ್ಬರಿಗೊಬ್ಬರು ಸಿಹಿ ತಿನ್ನಿಸುತ್ತಿದ್ದರು. ಅವರ ಹಿಂದೆ ಚಪ್ಪರದ ಒಂದು ಗಳ, ಅದಕ್ಕೆ ಬಿಗಿದ ಹಗ್ಗದ ಗಂಟು ಕಾಣುತ್ತಿತ್ತು. ಅಡವಯ್ಯನ ಕೈ ಕಟ್ಟಿದ ಗಂಟು ಇದೆ, ಅಡವಯ್ಯ ಇಲ್ಲ. ಅಲ್ಲಿಗೆ ರೀಲು ಮುಗಿದಿತ್ತು. ಅವನಿಗೆ ಇದು ಗೊತ್ತೇ ಇತ್ತು, ಆದರೂ ಇನ್ನೊಮ್ಮೆ ಮೊದಲಿನಿಂದ ನೋಡಿದ.

ಸಂಜೆ ಮೆಮೊರಿ ಕಾರ್ಡು ಕೊಡಲು ಬಂದ ಗೌರೀಶನಿಗೆ ವಿಷಯ ಹೇಳಬೇಕಾಯಿತು. ಎಲ್ಲ ಕೇಳಿ ಅವನು ನಕ್ಕುಬಿಟ್ಟ.

"ಅಣ್ಣ, ಇಷ್ಟಕ್ಕೆ ಇಂಗಾಡ್ತಿದೀಯಾ? ಫೋಟೋ ಇಲ್ಲ ಅಂದ್ರೆ ಈಗ ಮಾಡ್ಕಂಡ್ರಾಯ್ತು. ಆಯಮ್ಮಂದು ನಿನ್ನೆ ಹೊಡೆದಿದೀಯ. ಆವಯ್ಯನ ಕಾರ್ಡು ಐತೆ. ಎಐಗೆ ಕೊಟ್ರೆ ಅದೇ ಕೂರಿಸ್ತದೆ ಬುಡು."

ಹತ್ತು ನಿಮಿಷವೂ ಬೇಕಾಗಲಿಲ್ಲ. ಗೌರೀಶನ ಫೋನಿನಲ್ಲಿ ತೆಂಗಿನ ಗರಿಯ ಚಪ್ಪರದ ಕೆಳಗೆ ಒಬ್ಬ ಗಂಡಸು ಒಬ್ಬ ಹೆಂಗಸು ನಿಂತರು. ಹೆಂಗಸಿಗೆ ಮುದ್ದಕ್ಕನ ಮೂಗು, ವಯಸ್ಸು ಮಾತ್ರ ನಲವತ್ತು. ಗಂಡಸಿಗೆ ನೀಲಿ ಷರ್ಟು, ತೋಳು ಮಡಚಿದೆ, ಬಾಯ್ತುಂಬ ಬಿಳಿಯ ಹಲ್ಲು. ಅವನು ಹೆಂಡತಿಯ ಹೆಗಲ ಮೇಲೆ ಕೈ ಹಾಕಿಕೊಂಡಿದ್ದ. ಗೌರೀಶ್ ಅದಕ್ಕೆ ಹಳೆಯ ಫೋಟೋದ ಹಳದಿ ಬಣ್ಣವನ್ನೂ ಒಂದೆರಡು ಗೀರನ್ನೂ ಬಳಿದ.

"ಯಾರು ಇವ್ರು, ಸೀರಿಯಲ್‌ನೋರಾ?" ಎಂದು ಶಶಿರೇಖಾ ಇಣುಕಿ ನೋಡಿದಳು. ಎಲ್ಲ ತಿಳಿದ ಮೇಲೆ ಅವಳು ನಗಲಿಲ್ಲ. "ನಾಳೆ ಆ ಹುಡುಗಿ ಇದಕ್ಕೆ ಅಡ್ಡಬೀಳ್ತಾಳಾ? ಯಾರೋ ಏನೋ!" ಎಂದಳು.

"ಸುಳ್ಳಾದ್ರೇನು, ಆಯಮ್ಮಂಗೆ ನೆಮ್ದಿ ತಾನೆ ಮುಖ್ಯ?" ಎಂದ ಗೌರೀಶ್.

ತಿಪ್ಪೇರುದ್ರ ಅಂದಿನ ಖಾಲಿ ಫ್ಲ್ಯಾಶಿಗೂ ಸರಿಯಾಗಿ ಇದೇ ಮಾತು ಹೇಳಿಕೊಂಡಿದ್ದ. ಆದರೂ ಅದನ್ನು ಪ್ರಿಂಟು ಹಾಕಿದ. ಗಾಜಿನ ಫ್ರೇಮು ಹಾಕಿಸಿದ. ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿದ. ಕಂಪನಿಯ ಕಾಗದ ಬ್ಯಾಗಿನಿಂದ ಕೆಳಗೆ ಬಿತ್ತು. ಇಷ್ಟವಾಗದ್ದು ಎಂಬಲ್ಲಿ 'ಹಿಂದಿನ ಸ್ಕ್ರೀನ್' ಎಂದಷ್ಟೇ ಬರೆದಿದ್ದ. ಉಳಿದ ಗೆರೆಗಳಿಗೆ ಏನೂ ತೋಚಲಿಲ್ಲ. ಮಡಚಿ ಮತ್ತೆ ಒಳಗಿಟ್ಟ.

ಶುಕ್ರವಾರ ಬೆಳಿಗ್ಗೆ ಬೈಕು ಹತ್ತಿದ. ಬಡವನಹಳ್ಳಿಯಲ್ಲಿ ನಿಲ್ಲಿಸಿ ಟೀ ಕುಡಿದ. ಶಿರಾದಲ್ಲಿ ಮತ್ತೊಂದು ಟೀ ಕುಡಿದ, ಬೇಕಾಗಿರಲಿಲ್ಲ. ಅಲ್ಲಿಯೇ ನಿಂತು ಪೊಟ್ಟಣದ ಒಂದು ಮೂಲೆ ಬಿಚ್ಚಿ ನೋಡಿದ. ಆ ಗಂಡಸು ಅವನನ್ನೇ ನೋಡಿ ನಗುತ್ತಿದ್ದ. ವಾಪಸು ಹೋಗಿಬಿಡಲೇ ಅನ್ನಿಸಿತು. ಫೋನು ಮಾಡಿ ನೆಗೆಟಿವ್ ಹುಳು ತಿಂದಿತ್ತು ಅಂದರೆ ಯಾರೂ ಬಯ್ಯುವುದಿಲ್ಲ. ಮುದ್ದಕ್ಕನಿಗೆ ಫೋನಿದೆಯೋ ಇಲ್ಲವೋ ಎಂಬುದೂ ಅವನಿಗೆ ತಿಳಿದಿರಲಿಲ್ಲ. ಗಾಡಿ ಒದ್ದು ಮುಂದಕ್ಕೇ ಹೊರಟ.

ಮುದ್ದಕ್ಕನ ಮನೆ ತಾವರೆಕೆರೆಯ ಕೊನೆಯ ಬೀದಿಯಲ್ಲಿ. ಮನೆಯ ಮುಂದೆ ಹಸಿರು ಗರಿಯ ಚಪ್ಪರ ಆಗಲೇ ಎದ್ದಿತ್ತು. ನಾಲ್ಕೈದು ಹೆಂಗಸರು ಮಾವಿನ ಸೊಪ್ಪು ಪೋಣಿಸುತ್ತಿದ್ದರು. ಅವನನ್ನು ಕಂಡು ಮುದ್ದಕ್ಕ ಎದ್ದು ಬಂದಳು. ಹೊಸ ಸೀರೆ ಉಟ್ಟಿದ್ದಳು.

"ಬಂದ್ಬುಟ್ಟೆಯಾ! ಬತ್ತಾನೆ ಅಂತ ನಾನು ಹೇಳಿರಲಿಲ್ವೇನ್ರೇ?" ಎಂದು ಹೆಂಗಸರ ಕಡೆ ತಿರುಗಿದಳು. "ರಮ್ಯಾ, ಚಾಪೆ ಹಾಕೇ."

ಮದುವೆಯ ಹುಡುಗಿ ರಮ್ಯಶ್ರೀ ಕೈಗೆ ಅರಿಶಿನ ಮೆತ್ತಿಕೊಂಡೇ ಚಾಪೆ ಹಾಸಿದಳು. ಅವಳ ಕಣ್ಣು ಪೊಟ್ಟಣದ ಮೇಲೆಯೇ ಇತ್ತು. ಒಳಗೆ ಗೋಡೆಗೆ ಹೊಸದಾಗಿ ಒಂದು ಮೊಳೆ ಹೊಡೆದಿದ್ದರು, ಅದರ ಪಕ್ಕದ ಗೂಡಿನಲ್ಲಿ ಸೇವಂತಿಗೆ ಹಾರ ಸಿದ್ಧವಾಗಿತ್ತು. ಎಲ್ಲವೂ ತೆರೆದ ಬಾಗಿಲಿನಿಂದಲೇ ಕಾಣುತ್ತಿತ್ತು. ತಿಪ್ಪೇರುದ್ರನಿಗೆ ಕೂರಲಾಗಲಿಲ್ಲ.

"ನೀನು ಒಳ್ಳೇವ್ನು ಕಣಪ್ಪ," ಎಂದಳು ಮುದ್ದಕ್ಕ. "ಆವತ್ತೂ ಅಂಗೇ. ಆವಯ್ಯ ಈ ಫೋಟೋಗಾಗಿ ಮೂರು ಸಲ ಮಧುಗಿರಿಗೆ ಬಂದಿದ್ದ, ನಿಂಗೆ ಗ್ಯಾಪ್ಕ ಐತಾ? ಇಲ್ಲಿಂದ ಶಿರಾಕ್ಕೆ ಒಂದು ಬಸ್ಸು, ಶಿರಾದಿಂದ ಮಧುಗಿರಿಗೆ ಇನ್ನೊಂದು. ಒಂದಿನದ ಕೂಲಿ ಹೋಗೋದು. ಬೆಂಗ್ಳೂರಿಗೆ ತೊಳೆಯಕ್ಕೆ ಕಳ್ಸವ್ರೆ, ಮುಂದಿನ್ ವಾರ ಕೊಡ್ತಾರಂತೆ ಅಂತ ಬರೋನು. ಮೂರ್ನೇ ಸಲ ಬಂದಾಗ ನೀನು ಟೀ ಕುಡ್ಸಿದ್ಯಂತೆ. ಸ್ಟುಡಿಯೋ ಸಾಹೇಬ್ರು ನಂಗೆ ಟೀ ತರ್ಸಿ ಕೊಟ್ರು ಕಣೇ ಅಂತ ಒಂದ್ವಾರ ಹೇಳ್ದ. ಆಮೇಲೆ ಮತ್ತೆ ಕೇಳಕ್ಕೆ ಆವಯ್ಯಂಗೇ ಸಂಕೋಚ ಆಯ್ತು. ಅಷ್ಟು ಮರ್ವಾದೆ ಕೊಟ್ಟೋರ್ನ ಹೆಂಗೆ ಪೀಡ್ಸೋದು ಅಂದ."

ಮೂರನೇ ಸಲಕ್ಕೆ ಒಂದು ಟೀ. ಗ್ಯಾರಂಟಿ ಲೆಕ್ಕ. ಮಂಗಳವಾರ ತಾನೇ ಶಿರಾದ ಸಭೆಯಲ್ಲಿ ಹೇಳಿದ್ದು. ತಿಪ್ಪೇರುದ್ರನಿಗೆ ನಾಚಿಕೆಯಿಂದ ಮುಖ ಎಲ್ಲಿಡುವುದು ಎಂದು ತಿಳಿಯಲಿಲ್ಲ. ಕೈಯಲ್ಲಿದ್ದ ಪೊಟ್ಟಣ ಕಲ್ಲಿನಷ್ಟು ಭಾರವಾಯಿತು.

"ಮುದ್ದಕ್ಕ, ಫೋಟೋ ಇಲ್ಲ," ಎಂದ.

"ಹುಳು ತಿಂದೈತಾ?"

"ಹುಳು ತಿನ್ನಕ್ಕೆ ಏನೂ ಇರಲಿಲ್ಲ. ಆವತ್ತು ನಾನು ಫೋಟೋನೇ ತೆಗೀಲಿಲ್ಲ ಕಣಮ್ಮ. ರೀಲು ಖಾಲಿಯಾಗಿತ್ತು. ಸುಮ್ನೆ ಲೈಟು ಹೊಡೆದೆ. ನಿಮ್ಮನ್ನ ಬೇಗ ಕಳಿಸ್ಬೇಕಿತ್ತು, ಅದುಕ್ಕೆ." ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಬೆಂಗ್ಳೂರಿಗೂ ಏನೂ ಕಳ್ಸಿರಲಿಲ್ಲ. ಮೂರು ಸಲಾನೂ ಸುಳ್ಳೇ ಹೇಳ್ದೆ. ಟೀ ಕೊಟ್ಟಿದ್ದೂ ಇನ್ನೊಂದ್ಸಲ ಬರ್ದಿರ್ಲಿ ಅಂತ."

ಸೊಪ್ಪು ಪೋಣಿಸುತ್ತಿದ್ದ ಹೆಂಗಸರ ಕೈ ನಿಂತಿತು. "ಅಯ್ಯೋ ಇವನ ಮನೆ ಹಾಳಾಗ!" ಎಂದಳು ಒಬ್ಬಳು. ರಮ್ಯಶ್ರೀ ಅರಿಶಿನದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನಿಂತಿದ್ದಳು, ಕಣ್ಣಲ್ಲಿ ನೀರು ತುಂಬಿಕೊಂಡಿತು.

ಮುದ್ದಕ್ಕ ಮಾತ್ರ ಅಳಲಿಲ್ಲ, ಬಯ್ಯಲೂ ಇಲ್ಲ. "ಮತ್ತೆ ಆ ಪೊಟ್ಟಣದಾಗೆ ಏನೈತೆ?" ಎಂದಳು.

"ಕಂಪ್ಯೂಟರಲ್ಲಿ ಮಾಡಿದ್ದು. ಇದನ್ನ ಕೊಟ್ಟು ನಿಮ್ಮನ್ನ ನಂಬ್ಸಣ ಅಂತ ತಂದೆ. ನಿಜವಲ್ಲ ಕಣಮ್ಮ ಇದು."

ಅವಳು ದಾರ ಬಿಚ್ಚಿ, ಪತ್ರಿಕೆ ಸರಿಸಿ, ಫ್ರೇಮನ್ನು ದೂರ ಹಿಡಿದು ನೋಡಿದಳು. "ಯಾರಪ್ಪ ಈ ಗಂಡಸು? ಅಡವಯ್ಯಂಗೆ ಮುಂದ್ಲ ಹಲ್ಲು ಒಂದು ಇರಲಿಲ್ಲ, ಗಳ ಜಾರಿ ಬಡಿದಿತ್ತು. ನಗಬೇಕಾದ್ರೆ ತುಟಿ ಮುಚ್ಕಂಡು ನಗೋನು. ಹೆಗಲ ಮೇಲೆ ಬೇರೆ ಕೈ ಹಾಕವ್ನೆ! ಊರ ಮುಂದೆ ಅಂಗೆಲ್ಲ ಯಾರು ಮಾಡ್ತಿದ್ರು?" ಅದನ್ನು ಮಗುಚಿ ಜಗಲಿಯ ಮೇಲೆ ಇಟ್ಟಳು. ಆಮೇಲೆ ಅವನ ಕಡೆ ತಿರುಗಿದಳು. "ಹೋಗ್ಲಿ ಬುಡು. ರೀಲು ಇಲ್ದಿದ್ರೂ ನೀನು ಆ ಡಬ್ಬದೊಳಗಿಂದ ನೋಡಿದ್ದೆ ಅಲ್ವಾ? ಆವಯ್ಯ ಹೆಂಗೆ ನಿಂತಿದ್ದ, ಈ ಕೂಸಿಗೆ ಅಷ್ಟಾದ್ರೂ ಹೇಳು."

ತಿಪ್ಪೇರುದ್ರ ಬಾಯಿ ತೆರೆದ. ಹೇಳಲು ಅವನ ಹತ್ತಿರ ಏನೂ ಇರಲಿಲ್ಲ. ನೀಲಿ ಷರ್ಟೂ ಮಡಚಿದ ತೋಳೂ ಮೊನ್ನೆ ಅವಳೇ ಹೇಳಿದ್ದು. ಮುಚ್ಚಿದ ತುಟಿಯೂ ಈಗ ತಾನೇ ಅವಳೇ ಕೊಟ್ಟದ್ದು. ಇವನ್ನೇ ಸೇರಿಸಿ ಒಂದು ಅಡವಯ್ಯನನ್ನು ಕಟ್ಟಿ ನಿಲ್ಲಿಸುವುದು ಅವನಂಥ ಮಾತುಗಾರನಿಗೆ ಎರಡು ನಿಮಿಷದ ಕೆಲಸ.

"ನೋಡಿರಲಿಲ್ಲ ಕಣಮ್ಮ," ಎಂದ. "ಕಣ್ಣಿಗೆ ಇಟ್ಕಂಡಿದ್ದೆ, ನೋಡಲಿಲ್ಲ. ನಂಗೆ ಊಟದ ಪಂಕ್ತಿ ಮೇಲೆ ಕಣ್ಣಿತ್ತು."

ಇದಕ್ಕೆ ಮಾತ್ರ ಮುದ್ದಕ್ಕನ ಮುಖ ಕುಗ್ಗಿತು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಚಪ್ಪರದ ಗಳ ಹಿಡಿದು ನಿಂತಳು. ಇಪ್ಪತ್ತಾರು ವರ್ಷ ಆ ಫೋಟೋ ಎಲ್ಲೋ ಇದೆ ಎಂದುಕೊಂಡೇ ಅವಳು ಬದುಕಿದ್ದಳು. ಕಾಲು ಮುಟ್ಟಲೇ, ಹೊರಟುಹೋಗಲೇ ಎಂದು ತೋಚದೆ ತಿಪ್ಪೇರುದ್ರ ಬ್ಯಾಗಿನ ಪಟ್ಟಿಯನ್ನು ಹಿಂಡುತ್ತ ನಿಂತ.

ರಮ್ಯಶ್ರೀಯೇ ಅಜ್ಜಿಯ ಪಕ್ಕಕ್ಕೆ ಬಂದಳು. "ನೀನೇ ಹೇಳಜ್ಜಿ, ಅಜ್ಜ ಹೆಂಗೆ ನಿಂತಿದ್ದ? ನಿಂಗೆ ಗೊತ್ತೈತಲ್ಲ."

ಮುದ್ದಕ್ಕ ಮೂಗು ಒರೆಸಿಕೊಂಡಳು. ಗಳ ಬಿಟ್ಟು ಒಂದು ಹೆಜ್ಜೆ ಈಚೆ ಬಂದು ನೆಟ್ಟಗೆ ನಿಂತಳು. "ನಾನು ಇಲ್ಲಿ. ಆವಯ್ಯ ಅಲ್ಲಿ, ಗಳಕ್ಕೆ ಒಂದು ಕೈ ಕೊಟ್ಕಂಡು. ಒಂದು ಮೊಳ ದೂರ. ಈವಯ್ಯ ಹತ್ರ ಬಾ ಅಂದ್ಮೇಲೆ ಗೇಣು ದೂರ. ಮುಂಗೈಗೆ ಮುಂಗೈ ತಾಗ್ತು. ನಾನು ನೆಲ ನೋಡ್ದೆ. ಆವಯ್ಯ ನೆಲ ನೋಡ್ಬೇಡ ಕಣೇ, ಲೈಟು ನೋಡು ಅಂದ." ಅಲ್ಲಿಗೆ ನಿಲ್ಲಿಸಿ, ತಿಪ್ಪೇರುದ್ರನನ್ನು ನೋಡಿದಳು. "ನಿಂತೇ ಇದೀನಿ. ತೆಗಿ ಈಗ."

ಅವನು ಕ್ಯಾಮೆರಾ ತೆಗೆದ. ಮೂವತ್ತು ವರ್ಷದಲ್ಲಿ ಎಂದೂ ಅಷ್ಟು ಹೊತ್ತು ಕಿಂಡಿಯೊಳಗೆ ಕಣ್ಣಿಟ್ಟು ನೋಡಿರಲಿಲ್ಲ. ಮುದ್ದಕ್ಕ, ಅವಳ ಪಕ್ಕ ಗೇಣಿನಷ್ಟು ಜಾಗ, ಅದರಾಚೆ ಹೊಸ ಗಳದವರೆಗೆ ಒಬ್ಬ ಆಳು ನಿಲ್ಲುವಷ್ಟು ಜಾಗ. ಅವಳ ಬಲ ಮುಂಗೈ ಸ್ವಲ್ಪವೇ ಹೊರಗೆ ಚಾಚಿತ್ತು. ಹಗಲಿನ ಬೆಳಕೇ ಸಾಕಾಗಿತ್ತು, ಫ್ಲ್ಯಾಶು ಹಾಕಲಿಲ್ಲ. ಹೊಡೆದ. ಕ್ಯಾಮೆರಾ ಸದ್ದು ಮಾಡಲಿಲ್ಲ.

ಮುದ್ದಕ್ಕ ನಿಂತೇ ಇದ್ದಳು. "ಲೈಟೇ ಬರಲಿಲ್ವಲ್ಲ," ಎಂದಳು. "ಈ ಸಲನಾದ್ರೂ ಒಳಗೆ ಏನಾದ್ರೂ ಐತಾ?"

ತಿಪ್ಪೇರುದ್ರ ಅವಳ ಹತ್ತಿರ ಹೋಗಿ, ಕ್ಯಾಮೆರಾ ತಿರುಗಿಸಿ, ಹಿಂದಿನ ಸ್ಕ್ರೀನನ್ನು ಅವಳ ಮುಖಕ್ಕೆ ಹಿಡಿದ. ಬಿಸಿಲು ಬೀಳದ ಹಾಗೆ ಮೇಲೆ ತನ್ನ ಅಂಗೈ ಅಡ್ಡ ಇಟ್ಟ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಮೊದಲು ತನ್ನ ಮುಖದ ಮೇಲೆ ಬೆರಳಿಟ್ಟಳು. ಆಮೇಲೆ ಪಕ್ಕದ ಜಾಗದ ಮೇಲೆ ಇಟ್ಟು, ತುಂಬ ಹೊತ್ತು ತೆಗೆಯಲಿಲ್ಲ. ರಮ್ಯಶ್ರೀ ಬಗ್ಗಿ ನೋಡಿ, ಅಜ್ಜಿಯ ಬೆರಳಿದ್ದ ಕಡೆ ಅರಿಶಿನದ ಕೈ ಜೋಡಿಸಿದಳು.

"ಐತೆ," ಎಂದಳು ಮುದ್ದಕ್ಕ. "ನಾನಿದೀನಿ. ಇದನ್ನ ತೊಳ್ದು ಕೊಡು."

"ಕೊಡ್ತೀನಿ ಕಣಮ್ಮ."

"ಬೆಂಗ್ಳೂರಿಗೆ ಕಳ್ಸಬೇಕಾ?"

"ಇಲ್ಲ ಕಣಮ್ಮ. ಶಿರಾದಾಗೇ ಆಗ್ತದೆ. ಇವತ್ತೇ."

"ಹಂಗಾರೆ ಕೇಳು," ಎಂದಳು ಅವಳು. ದನಿ ಏರಿಸಲಿಲ್ಲ. "ಇದುಕ್ಕೆ ಈ ಮನೆಯಿಂದ ಯಾರೂ ಬಸ್ಸು ಹತ್ಕಂಡು ಬರಲ್ಲ. ಆ ಬರೋನು ಹೋದ. ನೀನೇ ತಂದ್ಕೊಡು."

ತಿಪ್ಪೇರುದ್ರ ಆಯಿತು ಎಂದು ತಲೆಯಾಡಿಸಿದ. ಬೋರಲಾಗಿದ್ದ ಫ್ರೇಮನ್ನು ಎತ್ತಿಕೊಂಡು, ಒಳಗಿನ ಖಾಲಿ ಮೊಳೆಯನ್ನು ಒಮ್ಮೆ ನೋಡಿ, ಬೈಕು ಹತ್ತಿ ಶಿರಾ ಕಡೆ ಹೊರಟ.